ವಾರಕ್ಕೊಂದು ಪೆನ್ನಿ, ವಾರಕ್ಕೊಂದು ಪ್ರಶ್ನೆ

1742ರ ಫೆಬ್ರುವರಿ 15. ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನಲ್ಲಿ ಒಂದು ಸಭೆ ಸೇರಿತ್ತು. ಸೇರಿದ್ದವರು ಭಕ್ತರೇ ಆದರೂ ಅಂದು ಚರ್ಚೆಗೆ ಬಂದದ್ದು ದೇವರ ವಿಷಯವಲ್ಲ, ಸಾಲದ ವಿಷಯ. 1739ರಲ್ಲಿ ಕಟ್ಟಲು ಆರಂಭಿಸಿದ್ದ 'ನ್ಯೂ ರೂಂ' ಎಂಬ ಪ್ರಾರ್ಥನಾ ಮಂದಿರದ ಬಾಕಿ ಇನ್ನೂ ತೀರಿರಲಿಲ್ಲ. ಸಾಲ ಹರಿಯುವ ತನಕ ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬಾತ ಸಲಹೆ ಮಾಡಿದ. ಬಹಳ ಮಂದಿ ಬಡವರು, ಅವರಿಂದ ಅಷ್ಟೂ ಆಗದು ಎಂದು ಇನ್ನೊಬ್ಬನ ಆಕ್ಷೇಪ. ಹಾಗಾದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ವಾರವಾರವೂ ಅವರ ಮನೆಗೆ ನಾನು ಹೋಗುತ್ತೇನೆ, ಕೊಟ್ಟರೆ ಸಂತೋಷ, ಕೊಡದಿದ್ದರೆ ಅವರ ಪಾಲನ್ನೂ ನಾನೇ ತುಂಬುತ್ತೇನೆ ಎಂದ ಫಾಯ್. ಇತರರೂ ಒಪ್ಪಿ ಒಬ್ಬೊಬ್ಬರು ಹನ್ನೊಂದು ಮಂದಿಯ ಹೊಣೆ ಹೊತ್ತರು.

ಚಂದಾ ಎತ್ತಲು ಮಾಡಿದ ಈ ಏರ್ಪಾಡು ಮುಂದೆ ಪ್ರಪಂಚದ ದೊಡ್ಡ ಪ್ರಾಟೆಸ್ಟೆಂಟ್ ಪಂಗಡಗಳಲ್ಲೊಂದರ ಬೆನ್ನೆಲುಬಾಯಿತು. ಬೀದರ್, ಕೋಲಾರಗಳ ಮೆಥೋಡಿಸ್ಟ್ ಚರ್ಚುಗಳ ಫಲಕ ನೋಡಿದವರಿಗೆ ಆ ಹೆಸರು ಹೊಸದಲ್ಲ. ಆದರೆ ಮೆಥೋಡಿಸ್ಟರ 'ಮೆಥಡ್' ಅಥವಾ ಕ್ರಮ ಎಂದರೆ ಏನಾಗಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ದೀಕ್ಷಾಸ್ನಾನ ಪಡೆದು ಭಾನುವಾರ ಪ್ರಸಂಗ ಕೇಳಿದ ಮಾತ್ರಕ್ಕೆ ಒಬ್ಬ ಕ್ರೈಸ್ತ ಬೆಳೆಯುತ್ತಾನೆಯೇ? ಬೆಳೆಯುವುದಿಲ್ಲವಾದರೆ ಅವನನ್ನು ಬೆಳೆಸುವವರು ಯಾರು? ಈ ಪ್ರಶ್ನೆಗೆ ಬ್ರಿಸ್ಟಲ್‌ನ ಸಾಲಗಾರರು ತಮಗೇ ತಿಳಿಯದಂತೆ ಒಂದು ಉತ್ತರ ಕೊಟ್ಟಿದ್ದರು.

ಆ ಉತ್ತರವನ್ನು ಗುರುತಿಸಿದವನು ಅವರ ನಾಯಕ ಜಾನ್ ವೆಸ್ಲಿ (1703-1791). ಅವನು ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಸಭೆಯ ಪಾದ್ರಿ. ಸಾಯುವವರೆಗೂ ಅದರಲ್ಲೇ ಉಳಿದವನು. ಅವನ ತಂದೆ ಸ್ಯಾಮ್ಯುಯೆಲ್ ಎಪ್‌ವರ್ತ್ ಎಂಬ ಊರಿನ ಪಾದ್ರಿ. ಆದರೆ ಈ ಕತೆಗೆ ಮುಖ್ಯವಾದವಳು ತಾಯಿ ಸುಸಾನ್ನಾ. ಹತ್ತೊಂಬತ್ತು ಮಕ್ಕಳನ್ನು ಹೆತ್ತು ಅರ್ಧದಷ್ಟನ್ನು ಎಳವೆಯಲ್ಲೇ ಕಳೆದುಕೊಂಡ ಆಕೆ, ಉಳಿದ ಮಕ್ಕಳಿಗೆ ವಾರದ ಒಂದೊಂದು ಸಂಜೆಯನ್ನು ಹಂಚಿಕೊಟ್ಟಿದ್ದಳು. ಆ ಸಂಜೆ ಆ ಮಗುವಿನೊಡನೆ ಒಬ್ಬಳೇ ಕುಳಿತು ಅದರ ಮನಸ್ಸಿನಲ್ಲಿ ಏನಿದೆ ಎಂದು ವಿಚಾರಿಸುತ್ತಿದ್ದಳು. ಜಾನ್‌ಗೆ ಸಿಕ್ಕಿದ್ದು ಗುರುವಾರ. ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕನಾದ ಮೇಲೂ ಆ ಗುರುವಾರದ ಸಂಜೆಯನ್ನು ತನಗಾಗಿ ಮೀಸಲಿಡಬೇಕೆಂದು ಅವನು ತಾಯಿಗೆ ಬರೆದು ಕೇಳಿದ್ದುಂಟು. ಗಂಡ ಲಂಡನ್ನಿಗೆ ಹೋಗಿದ್ದಾಗ ಭಾನುವಾರ ಸಂಜೆ ಮನೆಯಲ್ಲೇ ಪ್ರಾರ್ಥನೆ ನಡೆಸಿ, ಇನ್ನೂರು ಜನ ನೆರೆಯುವಂತೆ ಮಾಡಿದ ಗಟ್ಟಿಗಿತ್ತಿ ಆಕೆ. ಮೆಥೋಡಿಸ್ಟರ ಇತಿಹಾಸ ಬರೆದವರೆಲ್ಲ ಆಕ್ಸ್‌ಫರ್ಡ್‌ನಲ್ಲಿ 1729ರಲ್ಲಿ ಶುರುವಾದ ವಿದ್ಯಾರ್ಥಿ ಕೂಟದಿಂದ ಆರಂಭಿಸುತ್ತಾರೆ. ಗುರುವಾರದ ಆ ಸಂಜೆಯಿಂದಲೇ ಆರಂಭಿಸಬೇಕಿತ್ತು ಎಂದು ನನಗನ್ನಿಸುತ್ತದೆ.

ಆಕ್ಸ್‌ಫರ್ಡ್‌ನ ಕೂಟದವರು ಹೊತ್ತು ಹೊತ್ತಿಗೆ ಪ್ರಾರ್ಥನೆ, ಉಪವಾಸ, ಸೆರೆಮನೆ ಭೇಟಿ ಎಂದು ದಿನಚರಿ ಹಾಕಿಕೊಂಡಿದ್ದರು. ಅದನ್ನು ಕಂಡ ಉಳಿದ ವಿದ್ಯಾರ್ಥಿಗಳು ಗೇಲಿ ಮಾಡಿ ಇಟ್ಟ ಅಡ್ಡಹೆಸರೇ 'ಮೆಥೋಡಿಸ್ಟ್'. ಆ ಶಿಸ್ತಿನಿಂದ ವೆಸ್ಲಿಗೆ ನೆಮ್ಮದಿ ಸಿಗಲಿಲ್ಲ. ಅಮೆರಿಕದ ಜಾರ್ಜಿಯಾಕ್ಕೆ ಹೋಗಿ ಸೋತು ಬಂದ. ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿದಾಗ ತಾನು ಸಾವಿಗೆ ಹೆದರಿ ನಡುಗುತ್ತಿದ್ದರೆ, ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನ್ನರು ಹೆಂಗಸರು ಮಕ್ಕಳೊಡನೆ ಶಾಂತವಾಗಿ ಹಾಡುತ್ತಿದ್ದುದು ಅವನನ್ನು ಕಾಡಿತು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ, ದೇವರು ತನ್ನ ಪಾಪವನ್ನು ಕ್ಷಮಿಸಿದ್ದಾನೆಂಬ ಭರವಸೆ ಅವನಿಗೆ ಹುಟ್ಟಿತು. ಮರುವರ್ಷ ಬ್ರಿಸ್ಟಲ್‌ನ ಬಯಲಿನಲ್ಲಿ, ಕಲ್ಲಿದ್ದಲು ಗಣಿಯ ಕೂಲಿಗಳ ನಡುವೆ, ಆಕಾಶದ ಕೆಳಗೆ ನಿಂತು ಬೋಧಿಸತೊಡಗಿದ. ಜನ ಸಾವಿರಗಟ್ಟಲೆ ಬಂದರು, ಅತ್ತರು, ಬದಲಾಗುತ್ತೇವೆಂದರು.

ಕಷ್ಟ ಶುರುವಾದದ್ದು ಅಲ್ಲಿಂದ. ಅತ್ತವರು ಮನೆಗೆ ಹೋದ ಮೇಲೆ ಏನಾದರು? ವೆಸ್ಲಿ ಕುದುರೆಯೇರಿ ಮುಂದಿನ ಊರಿಗೆ ಹೋಗಿರುತ್ತಿದ್ದ. ಅವನಿಗಿಂತ ದೊಡ್ಡ ವಾಗ್ಮಿಯೆನಿಸಿದ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಇನ್ನೂ ಹೆಚ್ಚು ಜನರನ್ನು ಸೇರಿಸಿದ. ಆದರೆ ಸೇರಿದವರನ್ನು ಹಿಡಿದಿಡುವ ಏರ್ಪಾಡು ಮಾಡಲಿಲ್ಲ.

ಬ್ರಿಸ್ಟಲ್‌ನಲ್ಲಿ ಪೆನ್ನಿ ಎತ್ತಲು ಮನೆಮನೆಗೆ ಹೋದವರು ಕೆಲವೇ ವಾರಗಳಲ್ಲಿ ಬೇರೆ ಸುದ್ದಿಯನ್ನೂ ತಂದರು. ಇಂಥವನ ಮನೆಯಲ್ಲಿ ಜಗಳ, ಇಂಥವನು ಮತ್ತೆ ಕುಡಿತಕ್ಕೆ ಬಿದ್ದಿದ್ದಾನೆ. ವೆಸ್ಲಿಗೆ ಥಟ್ಟನೆ ಹೊಳೆಯಿತು: ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ. ದುಡ್ಡು ಎತ್ತುವವರೇ ಆತ್ಮದ ಯೋಗಕ್ಷೇಮವನ್ನೂ ವಿಚಾರಿಸಲಿ ಎಂದು ವಿಧಿಸಿದ. ಅದೇ ವರ್ಷ ಲಂಡನ್ನಿನಲ್ಲೂ ಇದು ಜಾರಿಗೆ ಬಂತು. ಮನೆಗೆ ಹೋಗಿ ವಿಚಾರಿಸುವುದರಲ್ಲಿ ತೊಡಕುಗಳಿದ್ದವು. ಮನೆಗೆಲಸದವರ ಜತೆ ಮಾತಾಡಲು ಯಜಮಾನರು ಬಿಡುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ದೂರು ಹೇಳಿದರೆ ಎದುರುಬದುರು ಕೂರಿಸಿ ಬಗೆಹರಿಸಲು ಆಗುತ್ತಿರಲಿಲ್ಲ. ಆದ್ದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಸೇರುವುದೆಂದಾಯಿತು. ಇದಕ್ಕೆ 'ಕ್ಲಾಸ್' ಎಂದು ಹೆಸರು. ಪಾಠದ ತರಗತಿಯಲ್ಲ, ಗುಂಪು, ವಿಭಾಗ ಎಂಬ ಅರ್ಥ.

ಅಲ್ಲಿ ನಡೆಯುತ್ತಿದ್ದದ್ದು ಸರಳ. ಒಂದು ಹಾಡು, ಒಂದು ಪ್ರಾರ್ಥನೆ. ಮುಖಂಡ ಮೊದಲು ತನ್ನ ವಾರ ಹೇಗೆ ಕಳೆಯಿತು, ಎಲ್ಲಿ ಎಡವಿದೆ ಎಂದು ಹೇಳಿಕೊಳ್ಳಬೇಕು. ಆಮೇಲೆ ಒಬ್ಬೊಬ್ಬರನ್ನೇ ಕೇಳಬೇಕು: ನಿನ್ನ ಆತ್ಮ ಹೇಗಿದೆ? ಉತ್ತರಕ್ಕೆ ತಕ್ಕಂತೆ ಸಮಾಧಾನ, ಬುದ್ಧಿವಾದ ಅಥವಾ ಗದರಿಕೆ. ಬಂದವರ ಹಾಜರಿಯೂ ಕೊಟ್ಟ ಪೆನ್ನಿಯೂ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಮುಖಂಡ ಪಾದ್ರಿಯಾಗಿರಬೇಕಿರಲಿಲ್ಲ; ನೇಕಾರ, ಚಮ್ಮಾರ, ಅಂಗಡಿಯವ ಯಾರೂ ಆಗಬಹುದಿತ್ತು. ಹೆಂಗಸರೂ ಆದರು. ಇನ್ನೂ ಆಳಕ್ಕೆ ಹೋಗಬಯಸುವವರಿಗೆ 'ಬ್ಯಾಂಡ್' ಎಂಬ ಚಿಕ್ಕ ಗುಂಪುಗಳಿದ್ದವು. ಗಂಡಸರದು ಬೇರೆ, ಹೆಂಗಸರದು ಬೇರೆ. ಕಳೆದ ವಾರದಿಂದೀಚೆಗೆ ಮಾಡಿದ ಪಾಪವೇನು, ಎದುರಾದ ಮೋಹವೇನು ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕಿತ್ತು. ಕ್ಯಾಥೊಲಿಕರು ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆಯನ್ನು ವೆಸ್ಲಿ ಪಕ್ಕದ ಮನೆಯವನ ಮುಂದೆ ಮಾಡಿಸಿದ ಎನ್ನಬಹುದು.

1743ರ ಮೇ 1ರಂದು ಜಾನ್ ಮತ್ತು ತಮ್ಮ ಚಾರ್ಲ್ಸ್ ಇಬ್ಬರೂ ರುಜು ಹಾಕಿದ ನಿಯಮಾವಳಿ ಹೊರಬಂತು. ಸೇರುವವನಿಗೆ ಷರತ್ತು ಒಂದೇ: ಪಾಪದಿಂದ ಬಿಡುಗಡೆ ಪಡೆಯುವ ಬಯಕೆ. ಉಳಿಯಬೇಕಾದರೆ ಮಾತ್ರ ಮೂರು ಷರತ್ತು. ಕೇಡು ಮಾಡಬಾರದು, ಕೈಲಾದಷ್ಟು ಒಳ್ಳೆಯದು ಮಾಡಬೇಕು, ಪ್ರಾರ್ಥನೆ, ವೇದಪಾಠ, ಪ್ರಭುಭೋಜನಗಳನ್ನು ಬಿಡಬಾರದು. ಕೇಡಿನ ಪಟ್ಟಿಯಲ್ಲಿ ಸುಂಕ ತಪ್ಪಿಸಿದ ಮಾಲು ಕೊಳ್ಳುವುದೂ ಇದೆ, ಅನ್ಯಾಯದ ಬಡ್ಡಿಯೂ ಇದೆ. ಕಳ್ಳಸಾಗಣೆ ಮಾಮೂಲಾಗಿದ್ದ ಕರಾವಳಿ ಊರುಗಳಲ್ಲಿ ಇದು ಹಗುರವಾದ ನಿಯಮವಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ನಡೆದು, ತೇರ್ಗಡೆಯಾದವರಿಗೆ ಹೆಸರು ಬರೆದ ಪುಟ್ಟ ಟಿಕೆಟ್ ಸಿಗುತ್ತಿತ್ತು. ಅದಿದ್ದರೆ ಮಾತ್ರ, ರೊಟ್ಟಿ ನೀರು ಹಂಚಿಕೊಂಡು ಅನುಭವ ಹೇಳಿಕೊಳ್ಳುವ ಪ್ರೇಮಭೋಜನಕ್ಕೆ ಪ್ರವೇಶ.

ಟಿಕೆಟ್ ಸಿಗದವರೂ ಇದ್ದರು. 1743ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್‌ನ ಸಂಘವನ್ನು ಪರೀಕ್ಷಿಸಿದ ವೆಸ್ಲಿ, ಹೊರಹಾಕಿದವರ ಲೆಕ್ಕವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಒಟ್ಟು 64 ಮಂದಿ. ಕುಡಿತಕ್ಕೆ 17, ಮದ್ಯ ಮಾರಿದ್ದಕ್ಕೆ 2, ಬೈಗುಳಕ್ಕೆ 2, ಭಾನುವಾರದ ವಿಶ್ರಾಂತಿ ಮುರಿದದ್ದಕ್ಕೆ 2, ಜಗಳಕ್ಕೆ 3, ಸುಳ್ಳಿಗೆ 3, ಚಾಡಿಗೆ 4, ಸೋಮಾರಿತನಕ್ಕೆ ಒಬ್ಬ, ಹೆಂಡತಿಯನ್ನು ಹೊಡೆದದ್ದಕ್ಕೆ ಒಬ್ಬ. ಉಳಿದ 29 ಮಂದಿಯ ತಪ್ಪು, ಚೆಲ್ಲುತನ ಮತ್ತು ಅಲಕ್ಷ್ಯ.

ಈ ಪಟ್ಟಿಯನ್ನು ಎರಡು ಬಗೆಯಲ್ಲಿ ಓದಬಹುದು. ಹೆಂಡತಿಗೆ ಹೊಡೆಯುವುದನ್ನು ಗಂಡನ ಹಕ್ಕೆಂದು ಲೋಕ ತಿಳಿದಿದ್ದ ಕಾಲದಲ್ಲಿ ಅದಕ್ಕಾಗಿ ಒಬ್ಬನನ್ನು ಹೊರಹಾಕಿದ ಸಂಘ ಇದು. ಆದರೆ ಆ 29 ಮಂದಿ? ಹೆಚ್ಚು ನಕ್ಕವರೋ, ಕೂಟಕ್ಕೆ ತಪ್ಪಿಸಿಕೊಂಡವರೋ? ಅಳೆದವರು ಯಾರು, ಯಾವ ಕೋಲಿನಿಂದ? ನೆರೆಯವನ ಆತ್ಮವನ್ನು ವಿಚಾರಿಸುವ ಹಕ್ಕು ಕೈಗೆ ಬಂದಾಗ, ನೆರೆಯವನ ಮನೆಯೊಳಗೆ ಇಣುಕುವ ಚಪಲವೂ ಜತೆಗೆ ಬರುತ್ತದೆ. ಇತಿಹಾಸಕಾರ ಇ.ಪಿ. ಥಾಂಪ್ಸನ್ 1963ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರ್ಮಿಕ ವರ್ಗದ ಇತಿಹಾಸದಲ್ಲಿ, ಮೆಥೋಡಿಸ್ಟ್ ಶಿಸ್ತು ಕೂಲಿಕಾರರನ್ನು ಕಾರ್ಖಾನೆಯ ನೊಗಕ್ಕೆ ಪಳಗಿಸಿತು ಎಂದು ಕಟುವಾಗಿ ವಾದಿಸಿದ. ಅದೇ ಕೂಲಿಕಾರರು 19ನೇ ಶತಮಾನದಲ್ಲಿ ಮತದಾನದ ಹಕ್ಕು ಕೇಳಿ ಚಾರ್ಟಿಸ್ಟ್ ಚಳವಳಿ ಕಟ್ಟಿದಾಗ, ಹಳೆಯ ಕ್ಲಾಸನ್ನೂ ವಾರದ ಪೆನ್ನಿಯನ್ನೂ ಹಾಗೆಯೇ ಎರವಲು ಪಡೆದರು ಎಂಬುದೂ ನಿಜ.

ಇಷ್ಟೆಲ್ಲ ಶಿಸ್ತು ಯಾವ ಗುರಿಗೆ? ಕ್ಷಮೆ ಸಿಕ್ಕಿದ್ದು ಆರಂಭ ಮಾತ್ರ, ಅಲ್ಲಿಂದ ಮುಂದೆ ಮನುಷ್ಯ ಪ್ರೀತಿಯಲ್ಲಿ ಬೆಳೆಯುತ್ತ ಹೋಗಿ, ದೇವರನ್ನೂ ನೆರೆಯವನನ್ನೂ ಪೂರ್ಣವಾಗಿ ಪ್ರೀತಿಸುವ ಸ್ಥಿತಿಯನ್ನು ಈ ಜನ್ಮದಲ್ಲೇ ಮುಟ್ಟಬಹುದು ಎಂದು ವೆಸ್ಲಿ ನಂಬಿದ್ದ. ಇದನ್ನೇ 'ಕ್ರೈಸ್ತ ಪರಿಪೂರ್ಣತೆ' ಎಂದ. ತಾನು ಅದನ್ನು ಮುಟ್ಟಿದ್ದೇನೆಂದು ಹೇಳಿಕೊಳ್ಳಲಿಲ್ಲ. ಒಂಟಿಯಾಗಿ ಯಾರೂ ಪವಿತ್ರರಾಗಲಾರರು ಎಂಬುದು ಅವನ ಖಚಿತ ಅಭಿಪ್ರಾಯ. ಅದು ಎಷ್ಟು ಸರಿ ಎಂಬುದಕ್ಕೆ ಜಾರ್ಜ್ ಬೆಲ್‌ನ ಪ್ರಕರಣ ಸಾಕ್ಷಿ. ಹಿಂದೆ ಸೈನಿಕನಾಗಿದ್ದ ಬೆಲ್ ಲಂಡನ್ನಿನ ಸಂಘದಲ್ಲಿ ತಾನು ಪರಿಪೂರ್ಣನಾಗಿದ್ದೇನೆಂದು ಸಾರಿಕೊಂಡ. ಪರಿಪೂರ್ಣನಿಗೆ ಬುದ್ಧಿ ಹೇಳುವವರು ಯಾರು? 1763ರ ಫೆಬ್ರುವರಿ 28ಕ್ಕೆ ಲೋಕ ಕೊನೆಗೊಳ್ಳುತ್ತದೆ ಎಂದು ಭವಿಷ್ಯ ನುಡಿದ. ಅಷ್ಟರಲ್ಲಿ ಅವನಿಗೂ ಸಂಘಕ್ಕೂ ಸಂಬಂಧ ಕಡಿದಿತ್ತು. ಆದರೂ ಆ ರಾತ್ರಿ ಎಷ್ಟೋ ಮಂದಿ ಮಲಗಲು ಹೆದರಿದರು. ವೆಸ್ಲಿ ಅದು ಸುಳ್ಳೆಂದು ಪ್ರಸಂಗ ಮಾಡಿ, ಮನೆಗೆ ಹೋಗಿ, ಎಂದಿನಂತೆ ಹತ್ತು ಗಂಟೆಗೆಲ್ಲ ನಿದ್ದೆ ಹೋಗಿದ್ದ.

ಬೆಳೆದವರ ಕತೆಯೂ ಒಂದಿರಲಿ. 1761ರ ಫೆಬ್ರುವರಿಯಲ್ಲಿ ಸಾರಾ ಕ್ರಾಸ್ಬಿ ಎಂಬ ಹೆಂಗಸು ಡಾರ್ಬಿ ಪಟ್ಟಣದಲ್ಲಿ ಕ್ಲಾಸ್ ನಡೆಸಲು ಹೋದಳು. ಮೂವತ್ತು ಮಂದಿ ಬಂದಾರೆಂದುಕೊಂಡಿದ್ದರೆ ಸುಮಾರು ಇನ್ನೂರು ಮಂದಿ ಕಾದಿದ್ದರು. ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ ಬೆಳಗಾದೀತು. ಎದ್ದು ನಿಂತು ಎಲ್ಲರಿಗೂ ಒಟ್ಟಿಗೆ ಮಾತಾಡಿದಳು. ಹೆಂಗಸರು ಪ್ರಸಂಗ ಮಾಡಕೂಡದು ಎಂಬ ಕಾಲವದು. ಗಾಬರಿಯಾಗಿ ವೆಸ್ಲಿಗೆ ಬರೆದಳು. ನೀನು ಮಿತಿ ಮೀರಿಲ್ಲ ಎಂದು ಅವನು ಉತ್ತರಿಸಿದ. ವಾರವಾರ ಹತ್ತಾರು ಜನರ ಕಷ್ಟ ಕೇಳಿ ಪಳಗಿದ ನಾಲಿಗೆ ಇನ್ನೂರು ಜನರ ಮುಂದೆಯೂ ತಡವರಿಸಲಿಲ್ಲ. ಮೆಥೋಡಿಸ್ಟರಲ್ಲಿ ಹೆಂಗಸರ ಬೋಧನೆಯ ಇತಿಹಾಸ ಇಲ್ಲಿಂದಲೇ ತೊಡಗುತ್ತದೆ.

1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಸುಮಾರು 72 ಸಾವಿರ ಸದಸ್ಯರಿದ್ದರು. ಮುಂದಿನ ಶತಮಾನದಲ್ಲಿ ಸಂಖ್ಯೆ ಹಲವು ಪಟ್ಟು ಬೆಳೆಯಿತು, ಕ್ಲಾಸ್ ಸೊರಗಿತು. ಕುಡಿತ ಬಿಟ್ಟು ದುಡಿದವರು ಸ್ಥಿತಿವಂತರಾದರು. ಹಣ ಬಂದಲ್ಲಿ ಭಕ್ತಿ ತಣ್ಣಗಾಗುತ್ತದೆಂದು ವೆಸ್ಲಿಯೇ ಮುದುಕನಾಗಿದ್ದಾಗ ಕಳವಳಪಟ್ಟಿದ್ದ. ದೊಡ್ಡ ಚರ್ಚುಗಳೂ ಕಾಯಂ ಪಾದ್ರಿಗಳೂ ಬಂದರು. ಸ್ವಂತ ಅಂಗಡಿ ಇಟ್ಟವನಿಗೆ ಗಿರಾಕಿಯ ಮುಂದೆ ತನ್ನ ಪಾಪ ಹೇಳಿಕೊಳ್ಳಲು ಮುಜುಗರ. ವಾರವಾರವೂ ಅದೇ ಮಾತು ಅದೇ ಧಾಟಿಯಲ್ಲಿ ಕೇಳಿ ಬೇಸತ್ತವರೂ ಉಂಟು. ಅಮೆರಿಕದ ದಕ್ಷಿಣದ ಮೆಥೋಡಿಸ್ಟರು 1866ರಲ್ಲೇ ಕ್ಲಾಸಿನ ಹಾಜರಿ ಕಡ್ಡಾಯವಲ್ಲ ಎಂದರು. ಇಂಗ್ಲೆಂಡಿನಲ್ಲಿ ಕಾಗದದ ಮೇಲೆ ನಿಯಮ ಉಳಿಯಿತು. ಟಿಕೆಟ್ ಸಿಗುತ್ತಿತ್ತು, ಚಂದಾ ಸೇರುತ್ತಿತ್ತು, ಪ್ರಶ್ನೆ ಕೇಳುವವರು ಕಡಿಮೆಯಾದರು. ಸಾಲ ತೀರಿಸಲು ಹುಟ್ಟಿದ್ದು ಕೊನೆಗೆ ಚಂದಾ ಎತ್ತುವಲ್ಲಿಗೇ ಮರಳಿತು.

ಇಂಗ್ಲೆಂಡಿನ ಈ ವೆಸ್ಲಿಯನ್ನರು 1821ರಲ್ಲಿ ಬೆಂಗಳೂರಿಗೆ ಬಂದರು. ಮೊದಲು ದಂಡಿನ ಪ್ರದೇಶದ ತಮಿಳರ ನಡುವೆ. ಕನ್ನಡದ ಕೆಲಸ ಬಲಗೊಂಡದ್ದು 1830ರ ದಶಕದ ಕೊನೆಯಲ್ಲಿ, ಗುಬ್ಬಿಯಂಥ ಊರುಗಳಲ್ಲಿ. ಕನ್ನಡ ಓದುಗರು ಅವರನ್ನು ನೆನೆಯುವುದು ಅಚ್ಚುಕೂಟ ಮತ್ತು ಶಾಲೆಗಳಿಗಾಗಿ, ಮೈಸೂರಿನಿಂದ ಹೊರಡುತ್ತಿದ್ದ 'ವೃತ್ತಾಂತ ಪತ್ರಿಕೆ'ಗಾಗಿ. ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚ್ (1904) ಅವರದೇ ಪರಂಪರೆಯದು. ಅವರ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ನಲ್ಲಿ, ಸೇರಿಹೋದವು. ಅಮೆರಿಕದ ಮೆಥೋಡಿಸ್ಟರಿಂದ ಹುಟ್ಟಿದ ಬೀದರ್, ಕೋಲಾರದ ಸಭೆಗಳು ಸೇರದೆ ಪ್ರತ್ಯೇಕವಾಗಿ ಉಳಿದವು.

ಸಿ.ಎಸ್.ಐ. ತನ್ನ ಆರಾಧನಾ ಪುಸ್ತಕದಲ್ಲಿ ವೆಸ್ಲಿಯ ಇನ್ನೊಂದು ಪದ್ಧತಿಗೆ ಜಾಗ ಕೊಟ್ಟಿದೆ: ಒಡಂಬಡಿಕೆಯ ಆರಾಧನೆ. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1,800 ಮಂದಿ ಎದ್ದು ನಿಂತು, ತಮ್ಮ ಬಾಳನ್ನು ದೇವರಿಗೆ ಒಪ್ಪಿಸುತ್ತೇವೆಂದು ಮಾಡಿದ ಸಂಕಲ್ಪವೇ ಅದರ ಮೂಲ. ಮೆಥೋಡಿಸ್ಟರಲ್ಲಿ ಅದನ್ನು ಸಾಮಾನ್ಯವಾಗಿ ಹೊಸ ವರ್ಷದ ಆರಂಭದಲ್ಲಿ ನಡೆಸುವುದು ವಾಡಿಕೆ. ಅಲ್ಲಿ ಇಡೀ ಸಭೆ ಒಂದೇ ದನಿಯಲ್ಲಿ ಹೇಳುತ್ತದೆ, ಯಾರನ್ನೂ ಹೆಸರು ಹಿಡಿದು ಕೇಳುವುದಿಲ್ಲ. ಬ್ರಿಸ್ಟಲ್‌ನ ನ್ಯೂ ರೂಂ ಕೂಡ ಇನ್ನೂ ನಿಂತಿದೆ. ಆರಾಧನೆಯೂ ನಡೆಯುತ್ತದೆ, ಮೇಲಿನ ಕೋಣೆಗಳಲ್ಲಿ ವಸ್ತುಸಂಗ್ರಹಾಲಯವಿದೆ.