ಗಾಜಿನ ಗೂಡು: ಟೆಲಿವಿಷನ್ ಪ್ರಶ್ನಸ್ಪರ್ಧೆಗಳ ರಂಗಸಜ್ಜಿಕೆಯನ್ನು ಕುರಿತು

ಅಮೆರಿಕದ ಟೆಲಿವಿಷನ್ನಿನಲ್ಲಿ 1955ರಲ್ಲಿ ಆರಂಭವಾದ ‘ಅರುವತ್ತುನಾಲ್ಕು ಸಾವಿರ ಡಾಲರಿನ ಪ್ರಶ್ನೆ’ ಎಂಬ ಸ್ಪರ್ಧೆಯು, ಬಹುಮಾನದ ಮೊಬಲಗು ಏರಿದಂತೆ ಸ್ಪರ್ಧಿಯನ್ನು ಗಾಜಿನ ಗೂಡಿನೊಳಗೆ ನಿಲ್ಲಿಸುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. ಕಿರಿದಾದ ಎಡೆ. ಹೊರಗಿನ ದನಿಯನ್ನು ತಡೆಯುವ ಗೋಡೆ. ಪ್ರಶ್ನೆಯನ್ನು ಕೇಳಲು ಕಿವಿಗೆ ಹೆಡ್‌ಫೋನು. 1956ರ ಸೆಪ್ಟೆಂಬರಿನಲ್ಲಿ ಮೊದಲಾದ ‘ಟ್ವೆಂಟಿ ಒನ್’ ಸ್ಪರ್ಧೆಯಲ್ಲಿ ಇಂತಹ ಗೂಡುಗಳು ಎರಡು. ಒಬ್ಬನ ಅಂಕಗಳು ಮತ್ತೊಬ್ಬನಿಗೆ ತಿಳಿಯಬಾರದೆಂಬುದು ಆಟದ ನಿಯಮವಾಗಿದ್ದುದರಿಂದ ಅವು ಅವಶ್ಯಕವೂ ಆಗಿದ್ದುವು.

ಆದರೆ ಆ ರಚನೆ ಪ್ರೇಕ್ಷಕರಿಗೆ ಬೇರೊಂದು ಭರವಸೆಯನ್ನೂ ಕೊಡುತ್ತಿದ್ದಿತು: ಇಲ್ಲಿ ಮೋಸಕ್ಕೆ ಆಸ್ಪದವಿಲ್ಲ. ವಸ್ತುತಃ ನಿರ್ಮಾಪಕರು ಉತ್ತರಗಳನ್ನು ಮುಂಚಿತವಾಗಿಯೇ ಹೇಳಿಕೊಟ್ಟಿದ್ದರು. ಸ್ಪರ್ಧಿ ಹರ್ಬರ್ಟ್ ಸ್ಟೆಂಪೆಲ್ ಅವರು ಬಯಲುಮಾಡಿದಂತೆ, ಸ್ಪರ್ಧಿಯು ಬೆವರಿ ತೊಳಲುವಂತೆ ಕಾಣಲೆಂದು ಗೂಡಿನ ತಂಪುಗಾಳಿಯನ್ನು ನಿಲ್ಲಿಸಲಾಗುತ್ತಿದ್ದಿತು; ಬೆವರನ್ನು ಒರೆಸದೆ ಮೆಲ್ಲಗೆ ಒತ್ತಿಕೊಳ್ಳಬೇಕೆಂಬ ಸೂಚನೆಯೂ ಇದ್ದಿತು. ವಂಚನೆಯನ್ನು ತಡೆಯಬೇಕಾದ ಗೂಡೇ ಅದರ ಸಾಧನವಾದುದು ಹೀಗೆ. ಸ್ಟೆಂಪೆಲ್ಲರನ್ನು ಸೋಲಿಸಿದ ಚಾರ್ಲ್ಸ್ ವಾನ್ ಡೋರೆನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರು. (ನಮ್ಮ ವೃತ್ತಿಯವರಿಗೆ ಇದು ಕೊಂಚ ಇರಿಸುಮುರಿಸಿನ ಸಂಗತಿ.) 1959ರ ನವೆಂಬರಿನಲ್ಲಿ ಅವರು ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು, ಇಂತಹ ಕೃತ್ಯವು 1960ರ ಶಾಸನದಿಂದ ಅಪರಾಧವೆನಿಸಿತು.

1964ರಲ್ಲಿ ಬಂದ ‘ಜೆಪರ್ಡಿ’ಯ ರಂಗದಲ್ಲಿ ಗೂಡುಗಳಿರಲಿಲ್ಲ. ಸ್ಪರ್ಧಿಗಳು ಅಕ್ಕಪಕ್ಕದಲ್ಲಿಯೇ ಇದ್ದು ಪರಸ್ಪರರ ಮಾತನ್ನು ಕೇಳುತ್ತಿದ್ದರು. ಫಲಕದ ಮೇಲಿನ ಸುಳಿವುಗಳನ್ನು ಮುಚ್ಚಿದ ರಟ್ಟುಗಳನ್ನು ಹಿಂದೆ ನಿಂತ ಕೆಲಸಗಾರರು ಕೈಯಿಂದಲೇ ಎಳೆಯುತ್ತಿದ್ದರು.