ಬಾಕ್ಸಿಂಗ್ ತೆರವು ಮಾಡಿದ ಜಾಗ

ಅಮೆರಿಕದಲ್ಲಿ ಬಾಕ್ಸಿಂಗಿನ ಜನಪ್ರಿಯತೆ ಕುಗ್ಗಲು ಮಿಶ್ರ ಸಮರಕಲೆಯೇ ಕಾರಣವೆಂಬ ಮಾತು ರೂಢಿಯಲ್ಲಿದೆಯಾದರೂ, ಘಟನೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಆ ಇಳಿಮುಖ ಮೊದಲೇ ಆರಂಭವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. 1950ರ ದಶಕದಲ್ಲಿ ಶುಕ್ರವಾರದ ರಾತ್ರಿಗಳಲ್ಲಿ ಟಿ.ವಿ.ಯಲ್ಲಿ ಉಚಿತವಾಗಿ ಕಾಣುತ್ತಿದ್ದ ಬಾಕ್ಸಿಂಗ್, ಮುಂದೆ ಚಂದಾ ವಾಹಿನಿಗಳಿಗೂ, ಪಂದ್ಯವೊಂದಕ್ಕೆ ಪ್ರತ್ಯೇಕ ಹಣ ತೆತ್ತು ನೋಡುವ ‘ಪೇ-ಪರ್-ವ್ಯೂ’ ಪದ್ಧತಿಗೂ ಸರಿದುಹೋಯಿತು. ಜೊತೆಗೆ ನಾಲ್ಕು ಸಂಸ್ಥೆಗಳು ಒಂದೇ ತೂಕದ ವರ್ಗಕ್ಕೆ ಬೇರೆ ಬೇರೆ ಚಾಂಪಿಯನ್ನರನ್ನು ಘೋಷಿಸತೊಡಗಿದ್ದರಿಂದ ನಿಜವಾದ ಅಗ್ರಗಣ್ಯ ಯಾರೆಂಬುದೇ ಸಾಮಾನ್ಯ ಪ್ರೇಕ್ಷಕನಿಗೆ ತಿಳಿಯದಂತಾಯಿತು.

ಗುದ್ದು, ಒದೆತ, ಕುಸ್ತಿಯ ಪಟ್ಟು, ಕೀಲು ತಿರುಚುವಿಕೆ ಇವೆಲ್ಲಕ್ಕೂ ಅವಕಾಶವಿರುವ ಮಿಶ್ರ ಸಮರಕಲೆ, ಅಂದರೆ ಎಂಎಂಎ, ಅಮೆರಿಕದಲ್ಲಿ ಗಮನ ಸೆಳೆದದ್ದು 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ, ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯ ಮೊದಲ ಕೂಟದಿಂದ. ಒಂದು ಕೈಗೆ ಮಾತ್ರ ಗ್ಲೌಸ್ ತೊಟ್ಟು, ಇನ್ನೊಂದನ್ನು ಬರಿಗೈಯಾಗಿಯೇ ಬಿಟ್ಟು ಬಂದಿದ್ದ ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಅವರನ್ನು ಬ್ರೆಜಿಲ್‌ನ ರಾಯ್ಸ್ ಗ್ರೇಸಿ ನೆಲಕ್ಕೆ ಕೆಡವಿ ಮೇಲೇರಿ ಕುಳಿತರು. ಮೂರು ನಿಮಿಷ ತುಂಬುವ ಮೊದಲೇ ಜಿಮ್ಮರ್ಸನ್ ಸೋಲೊಪ್ಪಿಕೊಂಡರು. ನಿಂತು ಹೋರಾಡುವ ವಿದ್ಯೆಯೊಂದೇ ಸಾಲದೆಂಬುದಕ್ಕೆ ಅದು ಕಣ್ಣೆದುರಿನ ಪುರಾವೆಯಾಯಿತು.

ಆದರೂ ಹೊಸ ಆಟಕ್ಕೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಸ್ವತಃ ಬಾಕ್ಸಿಂಗ್ ಅಭಿಮಾನಿಯಾಗಿದ್ದ ಸೆನೆಟರ್ ಜಾನ್ ಮೆಕೇನ್ 1996ರಲ್ಲಿ ಇದನ್ನು ನಿಷೇಧಿಸಬೇಕೆಂದು ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು. ಬರಿಗೈ ಕಾಳಗವಾಗಿದ್ದ ಬಾಕ್ಸಿಂಗ್‌ಗೆ ಗ್ಲೌಸ್ ಮತ್ತು ಮೂರು ನಿಮಿಷಗಳ ಸುತ್ತುಗಳನ್ನು ವಿಧಿಸಿದ 1867ರ ಕ್ವೀನ್ಸ್‌ಬೆರಿ ನಿಯಮಗಳು ಅದಕ್ಕೆ ಗೌರವ ತಂದುಕೊಟ್ಟಂತೆಯೇ, 2000ದ ಆಸುಪಾಸಿನಲ್ಲಿ ನ್ಯೂಜೆರ್ಸಿಯಲ್ಲಿ ರೂಪುಗೊಂಡ ಏಕೀಕೃತ ನಿಯಮಾವಳಿಯು ನಿಷಿದ್ಧ ಹೊಡೆತಗಳನ್ನು ಗೊತ್ತುಪಡಿಸಿ ಎಂಎಂಎಯನ್ನು ಕಾನೂನಿನ ಚೌಕಟ್ಟಿಗೆ ತಂದಿತು. 2005ರಲ್ಲಿ ಕೇಬಲ್ ವಾಹಿನಿಯೊಂದರಲ್ಲಿ ಆರಂಭವಾದ ಯುಎಫ್‌ಸಿಯ ‘ದಿ ಅಲ್ಟಿಮೇಟ್ ಫೈಟರ್’ ಸರಣಿ ಪ್ರತ್ಯೇಕ ಹಣ ಕೇಳದೆ ಮನೆಯೊಳಗೆ ಪ್ರವೇಶಿಸಿ, ಬಾಕ್ಸಿಂಗ್ ಎಂದೋ ಕೈಬಿಟ್ಟಿದ್ದ ಯುವ ಪ್ರೇಕ್ಷಕರನ್ನು ಒಲಿಸಿಕೊಂಡಿತು.

ಇಷ್ಟಾದರೂ ಮಹಾಪಂದ್ಯಗಳ ಆಕರ್ಷಣೆ ಬಾಕ್ಸಿಂಗಿನಲ್ಲಿಯೇ ಉಳಿಯಿತು. 2015ರ ಮೇವೆದರ್–ಪ್ಯಾಕಿಯಾವೊ ಪಂದ್ಯವನ್ನು ಅಮೆರಿಕದಲ್ಲಿ ಸುಮಾರು 46 ಲಕ್ಷ ಖರೀದಿದಾರರು ಹಣ ಕೊಟ್ಟು ನೋಡಿದರು; 2017ರಲ್ಲಿ ಯುಎಫ್‌ಸಿಯ ಕಾನರ್ ಮೆಕ್‌ಗ್ರೆಗರ್ ಕೂಡ ಬಾಕ್ಸಿಂಗ್ ನಿಯಮಗಳಿಗೆ ಒಪ್ಪಿಯೇ ಮೇವೆದರ್ ಎದುರು ಕಣಕ್ಕಿಳಿದು ಹತ್ತನೆಯ ಸುತ್ತಿನಲ್ಲಿ ಸೋತರು. ಆದರೆ ಮರುವರ್ಷವೇ, 1973ರಿಂದ ಬಾಕ್ಸಿಂಗ್ ಪ್ರಸಾರ ಮಾಡುತ್ತಿದ್ದ ಎಚ್‌ಬಿಒ ವಾಹಿನಿ ಅದರಿಂದ ಹಿಂದೆ ಸರಿಯಿತು. ಎಂಎಂಎ ಬಾಕ್ಸಿಂಗನ್ನು ಸೋಲಿಸಲಿಲ್ಲ; ಜನರ ನಿತ್ಯದ ಬದುಕಿನಿಂದ ಬಾಕ್ಸಿಂಗ್ ತಾನಾಗಿ ದೂರ ಸರಿದಾಗ ತೆರವಾದ ಜಾಗದಲ್ಲಿ ಬಂದು ಕುಳಿತಿತು.