ಲೆಕ್ಕ ಕೇಳುವ ಹಕ್ಕು

ಸರಕಾರದ ಹಣಕ್ಕೆ ಕಾವಲಿರುವ ಅಧಿಕಾರಿಯನ್ನು ನೇಮಿಸಬೇಕಾದವರು ಯಾರು? ಅಮೆರಿಕದಲ್ಲಿ 1921ರ ಕಾಯಿದೆಯಂತೆ ಕಂಟ್ರೋಲರ್ ಜನರಲ್‌ನನ್ನು ಅಧ್ಯಕ್ಷರು ಹೆಸರಿಸಿದರೂ ಸೆನೆಟ್ ಸಭೆ ಒಪ್ಪದೆ ನೇಮಕ ಊರ್ಜಿತವಾಗುವುದಿಲ್ಲ. ನಮ್ಮಲ್ಲಿ ಅಂತಹ ಪದ್ಧತಿ ಬರಲಿಲ್ಲ. ಹಾಗೆಂದು ನಮ್ಮ ಹಿರಿಯರು ಲೆಕ್ಕ ಕೇಳದೆ ಸುಮ್ಮನಿದ್ದವರಲ್ಲ. ಅವರು ಹಿಡಿದ ದಾರಿ ಬೇರೆ. ಅದು ಎಲ್ಲಿಯವರೆಗೆ ಹೋಯಿತೆಂಬುದನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆಯಲ್ಲಿ ಕಾಣಬಹುದು.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಸದಸ್ಯರ ಸಂಖ್ಯೆ 144. ಜಿಲ್ಲೆಗಳಿಂದ ಬಂದ ರೈತರೂ ವರ್ತಕರೂ ದಿವಾನರ ಭಾಷಣ ಕೇಳಿ ತಮ್ಮ ಅಹವಾಲು ಹೇಳಿ ಹಿಂದಿರುಗಬೇಕಾಗಿತ್ತು. ಶಿವಮೊಗ್ಗೆಗೆ ಬೀರೂರಿನಿಂದ ರೈಲು ಬಂದದ್ದು 1899ರಲ್ಲಿ. ಅಲ್ಲಿಯವರೆಗೆ ಈ ಕಡೆಯ ಪ್ರತಿನಿಧಿಗಳಿಗೆ ಗಾಡಿಯ ಪ್ರಯಾಣವೇ ಗತಿ. ಅಷ್ಟು ದೂರ ಹೋದವರಿಗೆ ಸಭೆಯಲ್ಲಿ ಮಾತಿತ್ತು, ಮತವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಆಯವ್ಯಯವನ್ನು ಕುರಿತು ಚರ್ಚಿಸುವ ಅವಕಾಶ ಅದಕ್ಕೂ ಮೆಲ್ಲಮೆಲ್ಲಗೆ ದೊರೆಯಿತು.

ಭದ್ರಾವತಿಗೆ ಆಗ ಬೆಂಕಿಪುರವೆಂದು ಹೆಸರು. ಬೆಂಕಿಯ ಉದ್ಯಮಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕಿದರೂ ಸಿಕ್ಕುತ್ತಿರಲಿಲ್ಲ! ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಕೈಗೊಂಡ ಈ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಹಣ ಕುಲುಮೆಯಲ್ಲಿ ಕರಗುತ್ತಿದೆಯೆಂಬ ಟೀಕೆ ಎದ್ದಿತು. ಕಡೆಗೆ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಬೇಕಾಯಿತು. 1929ರವರೆಗೆ ಅವರು ಆ ಭಾರ ಹೊತ್ತರು.

ಕುಲುಮೆ ಉರಿದ ವರ್ಷವೇ ಸಭೆಗೂ ಬಲ ಬಂದದ್ದು ಗಮನಿಸತಕ್ಕ ಸಂಗತಿ. ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಯ ಮೇಲೆ ಬಂದ 1923ರ ಸುಧಾರಣೆಗಳಿಂದ ನ್ಯಾಯವಿಧಾಯಕ ಸಭೆಗೆ ವೆಚ್ಚದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ದೊರೆಯಿತು. ಮತಕ್ಕೆ ಹೊರತಾದ ಬಾಬುಗಳಿದ್ದವು. ಅಧ್ಯಕ್ಷಪೀಠದಲ್ಲಿ ದಿವಾನರೇ ಇರುತ್ತಿದ್ದರು. ಲೆಕ್ಕ ನೋಡುವ ಕಂಟ್ರೋಲರು ಸರಕಾರದ ನೌಕರರೇ. ಆದರೂ ಹಣ ಕೊಡುವ ಮುನ್ನ ಏಕೆಂದು ಕೇಳುವ ಹಕ್ಕು, ಕಾವಲುಗಾರನನ್ನು ಆರಿಸುವ ಹಕ್ಕಿಗಿಂತ ಕಡಮೆಯದಲ್ಲವೆಂದು ನನ್ನ ಎಣಿಕೆ.

ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ 1949ರ ಜೂನ್‌ನಲ್ಲಿ ಶಿಬ್ಬನ್‌ಲಾಲ್ ಸಕ್ಸೇನಾ ಅವರು ಮುಖ್ಯ ಚುನಾವಣಾ ಆಯುಕ್ತರ ನೇಮಕಕ್ಕೆ ಪಾರ್ಲಿಮೆಂಟಿನ ಮೂರರಲ್ಲೆರಡು ಮತದ ಒಪ್ಪಿಗೆ ಬೇಕೆಂದರು. ಅಂಬೇಡ್ಕರರು ಅಮೆರಿಕದ ಪದ್ಧತಿಯ ಮಾತೆತ್ತಿದರು, ಆದರೆ ಅದು ನಿಲ್ಲಲಿಲ್ಲ. ಮಹಾಲೆಕ್ಕಪರಿಶೋಧಕರ ವಿಷಯವೂ ಹಾಗೆಯೇ. ಅವರ ಹೊಣೆ ನ್ಯಾಯಾಂಗದ್ದಕ್ಕಿಂತಲೂ ಹೆಚ್ಚಿನದೆಂದು ಅದೇ ವರ್ಷದ ಮೇ ತಿಂಗಳಲ್ಲಿ ಅಂಬೇಡ್ಕರರು ಹೇಳಿದ್ದರೂ, ನೇಮಕವನ್ನು ರಾಷ್ಟ್ರಪತಿಗಳಿಗೇ ಬಿಡಲಾಯಿತು. ತೆಗೆಯಬೇಕಾದರೆ ಮಾತ್ರ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗಿರುವಂತೆ ಎರಡು ಸದನಗಳ ಮಾತು ಬೇಕು. ಒಳಬರುವ ಬಾಗಿಲು ಸರಕಾರದ ಕೈಯಲ್ಲಿ, ಹೊರಹೋಗುವ ಬಾಗಿಲು ಸಭೆಯ ಕೈಯಲ್ಲಿ! ನಾವು ಮಾದರಿಯೆಂದು ನಂಬಿದ್ದ ಇಂಗ್ಲೆಂಡಿನವರೇ 1983ರಲ್ಲಿ ತಮ್ಮ ಲೆಕ್ಕಪರಿಶೋಧಕರ ನೇಮಕಕ್ಕೆ ಕಾಮನ್ಸ್ ಸಭೆಯ ನಿರ್ಣಯ ಬೇಕೆಂದು ಕಾಯಿದೆ ಮಾಡಿಕೊಂಡರು.

ಇತ್ತ ಭದ್ರಾವತಿ 1962ರಲ್ಲಿ ಕಂಪನಿಯಾಯಿತು. ಸರಕಾರದ ಸ್ವಂತ ಉದ್ಯಮವಾಗಿದ್ದಾಗ ಅದರ ವೆಚ್ಚ ಆಯವ್ಯಯದೊಡನೆ ಶಾಸನಸಭೆಗೆ ಬರುತ್ತಿತ್ತು. ಕಂಪನಿಯಾದ ಮೇಲೆ 1956ರ ಕಂಪನಿ ಕಾಯಿದೆಯಂತೆ ಲೆಕ್ಕಪರಿಶೋಧಕರನ್ನು ಮಹಾಲೆಕ್ಕಪರಿಶೋಧಕರ ಸಲಹೆಯ ಮೇಲೆ ಕೇಂದ್ರ ಸರಕಾರ ನೇಮಿಸತೊಡಗಿತು. ಸಭೆಯ ಪಾಲಿಗೆ ಉಳಿದದ್ದು ವರ್ಷಾಂತ್ಯದ ವರದಿ. ಮೊದಲೇ ಕೇಳುತ್ತಿದ್ದ ಪ್ರಶ್ನೆಯನ್ನು ಹಣ ಹೋದ ಮೇಲೆ ಕೇಳುವಂತಾಯಿತು. 1975ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ಲೀನವಾಯಿತು. ಭದ್ರಾವತಿಯ ಪ್ರತ್ಯೇಕ ವರದಿಯೂ ಅಲ್ಲಿಗೆ ನಿಂತಿತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರಿನ ಕಾರ್ಮಿಕರು ಬೀದಿಗಿಳಿದರು. ಆದರೆ ಉತ್ತರ ಹೇಳಬೇಕಾದ ಉಕ್ಕಿನ ಮಂತ್ರಿಗಳು ಇದ್ದದ್ದು ಬೆಂಗಳೂರಿನ ವಿಧಾನಸಭೆಯಲ್ಲಲ್ಲ, ದೆಹಲಿಯ ಪಾರ್ಲಿಮೆಂಟಿನಲ್ಲಿ.